ಗೋಡೆಗಿಂತ ಮೊದಲು ಬಂದ ಬಾಗಿಲು

ಕಳೆದ ತಿಂಗಳು ಚನ್ನಪಟ್ಟಣಕ್ಕೆ ಹೋಗುವಾಗ ನಮ್ಮ ಬಸ್ಸು ಒಂದು ಸಾಮಿಲ್ಲಿನ ಎದುರಿಗೆ ನಿಂತುಬಿಟ್ಟಿತು. ಮುಂದೆ ಯಾವುದೋ ಲಾರಿ ಕೆಟ್ಟಿತ್ತಂತೆ. ಹೊನ್ನೆ ಮರ ಕೊಯ್ಯುವ ವಾಸನೆ ಕಿಟಕಿಯಿಂದ ಒಳಗೆ ಬಂತು. ಒಂಚೂರು ಒಗರು, ಒಂಚೂರು ಸಿಹಿ. ಪಕ್ಕದ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಗಾಜನ್ನು ಇನ್ನಷ್ಟು ಸರಿಸಿದೆ. ಆ ವಾಸನೆಯ ಜೊತೆಗೆ ನನಗೆ ಬರುವುದು ಒಂದು ಆಷಾಢ, ಅದರ ಗಾಳಿ, ಆ ಗಾಳಿಯಲ್ಲಿ ಒಂಟಿಯಾಗಿ ನಿಂತಿದ್ದ ನಮ್ಮ ಮನೆಯ ಬಾಗಿಲು. ಮನೆ ಇರಲಿಲ್ಲ. ಬಾಗಿಲು ಮಾತ್ರ ಇತ್ತು.

ಜಾಗ ಇದ್ದದ್ದು ಚನ್ನಪಟ್ಟಣದ ಅಂಚಿನಲ್ಲಿ. ಮಾವನವರು ಇದ್ದ ಕಾಲಕ್ಕೆ ಅಲ್ಲೊಂದು ಉದ್ದನೆಯ ಹುಳುಮನೆ, ಸುತ್ತ ಹಿಪ್ಪುನೇರಳೆ ತೋಟ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆ ಹುಳುಮನೆಯ ಬಾಗಿಲಲ್ಲಿ ನಿಂತರೆ, ಸಾವಿರಾರು ರೇಷ್ಮೆಹುಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಊರು ಬೆಳೆಯುತ್ತ ಬೆಳೆಯುತ್ತ ಮೂರು ಕಡೆಯೂ ಮನೆಗಳು ಬಂದವು. ಪಕ್ಕದವರು ಸೊಳ್ಳೆಗೆ ಔಷಧಿ ಹೊಡೆದರೆ ನಮ್ಮ ಹುಳು ಸಾಯತೊಡಗಿದವು. ಮಾವನವರು ಹುಳು ಬಿಟ್ಟರು, ಜಾಗವನ್ನು ಮನೆ ಕಟ್ಟುವುದಕ್ಕೆ ಆಗುವ ಹಾಗೆ ಪರಿವರ್ತನೆ ಮಾಡಿಸಿದರು, ಆಮೇಲೆ ತಾವೂ ಹೋದರು.

ಅಲ್ಲಿ ನಾಲ್ಕು ಸಣ್ಣ ಮನೆ ಕಟ್ಟಬೇಕು ಅನ್ನುವುದು ನಮ್ಮ ಮನೆಯವರ ಯೋಚನೆ. ಅವರು ರಾಮನಗರದ ಕಾಲೇಜೊಂದರಲ್ಲಿ ಕಾಮರ್ಸ್ ಮೇಷ್ಟ್ರು. ಎರಡು ಮನೆ ಮಾರಿ ಬ್ಯಾಂಕಿನ ಸಾಲ ತೀರಿಸುವುದು. ಉಳಿದ ಎರಡರಲ್ಲಿ ಒಂದು ನಮಗೂ ಅತ್ತೆಗೂ, ಇನ್ನೊಂದು ಇವರ ಅಕ್ಕನಿಗೆ. ಆಕೆ ಹೆಸರು ಜಯಮ್ಮ. ಕನಕಪುರದಲ್ಲಿ ನರ್ಸ್ ಆಗಿದ್ದು ಆಗಷ್ಟೇ ನಿವೃತ್ತಿಯಾಗಿದ್ದರು. ಗಂಡ ತೀರಿಕೊಂಡು ಬಹಳ ವರ್ಷ, ಮಕ್ಕಳಿಲ್ಲ. ಆಸ್ಪತ್ರೆಯ ಕ್ವಾರ್ಟರ್ಸ್ ಬಿಟ್ಟ ಮೇಲೆ ಯಾರದೋ ಮಹಡಿಯ ಮೇಲಿನ ಒಂದು ಕೋಣೆಯಲ್ಲಿದ್ದರು. ನಾನೂ ಇವರ ಹಾಗೆ ಜಯಕ್ಕ ಅಂತಲೇ ಕರೆಯುವುದು.

ಜಾಗ ಅತ್ತೆಯ ಹೆಸರಲ್ಲಿ, ಸಾಲ ಇವರ ಹೆಸರಲ್ಲಿ, ಕೈಯಿಂದ ಮೊದಲು ಹಾಕಬೇಕಾದ ದುಡ್ಡು ಜಯಕ್ಕನ ನಿವೃತ್ತಿಯದು. ನನ್ನದು ಕೈಬರಹ. ಕಾನ್ವೆಂಟಿನಲ್ಲಿ ಸಿಸ್ಟರ್ ಕೈಗೆ ಅಡಿಕೋಲಲ್ಲಿ ಹೊಡೆದು ಕಲಿಸಿದ್ದ ದುಂಡು ಅಕ್ಷರ. ನಗರಸಭೆಗೆ, ಬ್ಯಾಂಕಿಗೆ, ಕರೆಂಟಿನವರಿಗೆ, ಎಲ್ಲ ಅರ್ಜಿ ನಾನೇ ಬರೆದೆ. "ನಮ್ ಕಾನ್ವೆಂಟು ಬರದ್ರೆ ಅರ್ಜಿ ಅನ್ನಂಗೇ ಇರಾಕಿಲ್ಲ, ಲಗ್ನಪತ್ರಿಕೆ ಇದ್ದಂಗಿರ್ತದೆ" ಅಂತ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಹೊಗಳಿಕೆಯೋ ಹಾಸ್ಯವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಖರ್ಚಿನ ಅಂದಾಜು ಮಾಡಿದ ಭಾನುವಾರ ಇವರು ಊಟದ ಮೇಜನ್ನೆಲ್ಲ ಹಿಡಿದುಕೊಂಡು ಕೂತಿದ್ದರು. ಸಿಮೆಂಟು, ಕಬ್ಬಿಣ, ಜಲ್ಲಿ, ಮರ, ಕೂಲಿ, ಪ್ಲಾನಿನ ಫೀಸು, ಎಲ್ಲವನ್ನೂ ಪಾಠ ಹೇಳುವ ಗತ್ತಿನಲ್ಲಿ ಓದಿದರು. ನಾನು ಅವರೆಕಾಯಿ ಬಿಡಿಸುತ್ತ ಕೇಳಿದೆ.

"ನೀರು?"

"ನಲ್ಲಿ ನೀರು ಬರುತ್ತಲ್ಲ."

"ಅದು ಮನೆ ಆದಮೇಲೆ ಕೊಡ್ತಾರೆ. ಕಟ್ಟೋವಾಗ?"

ಇವರು ಪೆನ್ನನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡರು. ಅತ್ತೆ ಗೋಡೆಗೆ ಒರಗಿ ಕೂತಲ್ಲಿಂದ, "ಕಾಮರ್ಸ್ ಮೇಷ್ಟ್ರು ನೀರಿಲ್ದೆ ಮನೆ ಕಟ್ತಾರಂತೆ, ಎಂಜಲು ಕಲ್ಸಿ ಕಟ್ತಾರೇನೋ" ಅಂದರು. ಆವತ್ತು ಬೋರ್‌ವೆಲ್ಲು ಅಂದಾಜಿಗೆ ಬಂತು. ಬೋರ್‌ವೆಲ್ಲಿನ ಹಿಂದೆ ಮೋಟರು, ಮೋಟರಿನ ಹಿಂದೆ ತಾತ್ಕಾಲಿಕ ಕರೆಂಟು. ಅದರ ಕೆಳಗೆ 'ಮೇಲುಖರ್ಚು' ಅಂತ ಒಂದು ಸಾಲು ನಾನೇ ಸೇರಿಸಿದೆ. ಮನೆ ನಡೆಸುವವರಿಗೆ ಗೊತ್ತು, ಅದಿಲ್ಲದೆ ಯಾವ ತಿಂಗಳೂ ದಾಟುವುದಿಲ್ಲ.

ಪ್ಲಾನನ್ನು ನಗರಸಭೆಗೆ ಕೊಟ್ಟೆವು. ಮಂಜೂರಾತಿ ಇಲ್ಲದೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಕೊಟ್ಟರೂ ಒಟ್ಟಿಗೆ ಕೊಡುವುದಿಲ್ಲ. ಪಾಯಕ್ಕೊಂದಿಷ್ಟು, ಗೋಡೆಗೊಂದಿಷ್ಟು, ತಾರಸಿಗೊಂದಿಷ್ಟು. ನಾವು ಕಾಯುತ್ತ ಕೂತೆವು. ಮಾವಿನ ಸುಗ್ಗಿ ಮುಗಿಯುತ್ತ ಬಂತು. ಜ್ಯೇಷ್ಠ ಮುಗಿಯುತ್ತ ಬಂತು. ಅತ್ತೆಗೆ ಕಸಿವಿಸಿ ಶುರುವಾದದ್ದು ಆಗ.

"ಲೇ ಸಿದ್ದ, ಆಷಾಢ ಬಂದ್ಬುಟ್ರೆ ಒಂದ್ ತಿಂಗ್ಳು ಕೈ ಕಟ್ಕಂಡು ಕೂತ್ಕಬೇಕು ಕಣ್ಲಾ. ಬಾಗ್ಲುವಾಡ ಒಂದ್ ನಿಲ್ಸ್‌ಬುಡು. ಗೋಡೆ ಆಮ್ಯಾಕೆ ತಾನೇ ಬತ್ತದೆ."

"ಪಾಯನೇ ತೆಗ್ದಿಲ್ಲ ಕಣವ್ವ. ಬಾಗ್ಲು ಎಲ್ಲಿ ನಿಲ್ಸೋದು?"

"ನೆಲದ್ ಮ್ಯಾಲೆ ನಿಲ್ಸು. ಆಕಾಶದಲ್ಲಿ ನಿಲ್ಸು ಅಂದ್ನಾ?"

ಹೇಗೂ ಇನ್ನೊಂದು ವಾರಕ್ಕೆ ಮಂಜೂರಾತಿ ಬರುತ್ತದೆ ಅಂತ ನಮ್ಮ ಪ್ಲಾನ್ ಬರೆದ ಎಂಜಿನಿಯರ್ ಹೇಳಿದ್ದರು. ಇವರು ಒಪ್ಪಿದರು. ನಾನೂ ಬೇಡ ಅನ್ನಲಿಲ್ಲ. ಒಳ್ಳೆಯ ದಿನ ಕೈತಪ್ಪಬಾರದು ಅಂತ ನನಗೂ ಒಳಗೊಳಗೇ ಇತ್ತು.

ಬಾಗಿಲುವಾಡ, ಅಂದರೆ ಬಾಗಿಲಿನ ಚೌಕಟ್ಟು, ಮಾಡಿದವರು ಚನ್ನಪಟ್ಟಣದ ರಫೀಕಣ್ಣ. ಅವರ ತಂದೆ ಗೊಂಬೆ ಕಡೆಯುತ್ತಿದ್ದರು, ಮಗ ಬಾಗಿಲು ಕಿಟಕಿಯ ಕೆಲಸಕ್ಕೆ ಬಂದಿದ್ದರು. ಹೊನ್ನೆ ಮರದ ವಾಡ, ಮೇಲಿನ ಅಡ್ಡಪಟ್ಟಿಯಲ್ಲಿ ಒಂದು ಸಾಲು ಹೂ. ಮೇಸ್ತ್ರಿ ಬಂದು ನಾಲ್ಕು ಮನೆಯ ಅಳತೆಗೂ ನೆಲದ ಮೇಲೆ ಸುಣ್ಣದ ಗೆರೆ ಎಳೆದ. ಮುಂದಿನ ಮನೆಯ ಬಾಗಿಲು ಬರುವ ಜಾಗದಲ್ಲಿ ಎರಡು ಗುಂಡಿ ತೋಡಿ, ವಾಡ ಇಳಿಸಿ, ಸರ್ವೆ ಕಂಬಗಳ ಆಸರೆ ಕೊಟ್ಟರು. ನವಧಾನ್ಯದ ಗಂಟು, ಮಾವಿನ ಸೊಪ್ಪು, ಅರಿಶಿನ ಕುಂಕುಮ ಎಲ್ಲ ಆಯಿತು. ರಫೀಕಣ್ಣ ಎಲೆಅಡಿಕೆ ತೆಗೆದುಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರು.

"ಎಷ್ಟೋ ಮನೆಗೆ ಬಾಗ್ಲು ಇಟ್ಟಿದ್ದೀನಮ್ಮ. ಬಾಗ್ಲಿಗೇ ಮನೆ ಇಡ್ತಿರೋದು ಇದೇ ಫಸ್ಟು."

ಎಲ್ಲರೂ ನಕ್ಕರು. ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕರು.

ಆ ವರ್ಷದ ಆಷಾಢದ ಗಾಳಿ ಎಂಥದ್ದು ಅಂತೀರಿ! ಮಳೆ ಇಲ್ಲ, ಬರೀ ಹನಿ. ಬೆಟ್ಟದ ಬಂಡೆಗಳ ಕಡೆಯಿಂದ ಬೀಸಿ ಬಂದ ಗಾಳಿ ಆ ವಾಡದೊಳಗೆ ನುಗ್ಗಿ ಹೋಗುವಾಗ ಸಣ್ಣಗೆ ಊದಿದ ಹಾಗೆ ಸದ್ದಾಗುತ್ತಿತ್ತು. ಅತ್ತೆ ಪ್ರತಿ ಶುಕ್ರವಾರ ರಾಮನಗರದಿಂದ ಬಸ್ಸಲ್ಲಿ ಹೋಗಿ, ಹೊಸಿಲು ತೊಳೆದು, ಕುಂಕುಮ ಇಟ್ಟು, ರಂಗೋಲಿ ಹಾಕಿ ಬರುತ್ತಿದ್ದರು. ಜೊತೆಗೆ ನಾನೂ ಹೋಗುತ್ತಿದ್ದೆ. ನಾವು ಹೊರಟು ಆಟೋ ಹತ್ತುವಷ್ಟರಲ್ಲಿ ಗಾಳಿ ರಂಗೋಲಿಯನ್ನು ಅರ್ಧ ಅಳಿಸಿರುತ್ತಿತ್ತು.

ಒಂದು ವಿಚಿತ್ರ ನೋಡಿದೆ. ಆ ಖಾಲಿ ಜಾಗದಲ್ಲಿ ಅಡ್ಡ ಹಾಯುವವರು ಮೊದಲಿನಿಂದಲೂ ಇದ್ದರು. ಈಗ ಸುತ್ತಲೂ ಬೇಕಾದಷ್ಟು ಬಯಲಿದ್ದರೂ ಎಲ್ಲರೂ ಬಾಗಿಲ ಒಳಗಿಂದಲೇ ಹಾದುಹೋಗುತ್ತಿದ್ದರು. ಸ್ಕೂಲಿನ ಹುಡುಗಿಯರು ಹೊಸಿಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವರು. ಒಬ್ಬ ಮುದುಕ ಚಪ್ಪಲಿ ಕೈಗೆ ತೆಗೆದುಕೊಂಡು ದಾಟಿ, ಆಚೆಗೆ ಮತ್ತೆ ಹಾಕಿಕೊಂಡ. ಮೇಕೆಗಳೂ ಅದರೊಳಗಿಂದಲೇ ಹೋದವು.

ಹೇಳಿದ ವಾರ ಕಳೆಯಿತು, ಮಂಜೂರಾತಿ ಬರಲಿಲ್ಲ. ಅಷ್ಟರಲ್ಲಿ ಬ್ಯಾಂಕಿನ ಕಡೆಯಿಂದ ಜಾಗ ನೋಡಲು ಒಬ್ಬಳು ಚಿಕ್ಕ ವಯಸ್ಸಿನ ಎಂಜಿನಿಯರ್ ಬಂದಳು. ತಲೆಗೆ ಸ್ಕಾರ್ಫು, ಕೈಯಲ್ಲಿ ಟೇಪು. ನಾಲ್ಕು ಮೂಲೆಯಿಂದ ಮೊಬೈಲಲ್ಲಿ ಫೋಟೋ ತೆಗೆದಳು. ಯಾವ ಮೂಲೆಯಿಂದ ತೆಗೆದರೂ ನಡುವೆ ಬಾಗಿಲು.

"ಸರ್, ಇದೇನಿದು?"

"ಬಾಗಿಲು ಮೇಡಂ" ಅಂದರು ಇವರು.

"ಅದು ಕಾಣ್ತಿದೆ. ಮಂಜೂರಾತಿಗೆ ಮುಂಚೆ ಕೆಲಸ ಶುರು ಮಾಡಿದ್ದೀರಾ?"

"ಇದು ಕೆಲಸ ಅಲ್ಲ ಮೇಡಂ, ಪೂಜೆ."

ಅವಳಿಗೆ ನಗು ಬಂತು, ತಡೆದುಕೊಂಡಳು. "ನಮ್ಮನೇಲೂ ಆಷಾಢ ಇದೆ ಸರ್. ಆದರೆ ನಾನು ಕಂಡದ್ದು ಬರೀಬೇಕು. ಇದು ಇರೋವರೆಗೂ ಫೈಲ್ ಮುಂದಕ್ಕೆ ಹೋಗಲ್ಲ. ತೆಗ್ಸಿ, ಹೇಳಿ, ಮತ್ತೆ ಬಂದು ನೋಡ್ತೀನಿ" ಅಂದಳು. ನಾನು ಕೊಟ್ಟ ಮಜ್ಜಿಗೆಯನ್ನು ಪೂರ್ತಿ ಕುಡಿದು ಹೋದಳು.

ಅದೇ ವಾರ ಪ್ಲಾನಿನ ಎಂಜಿನಿಯರ್ ಫೋನ್ ಮಾಡಿದರು. ನಮ್ಮ ಮುಂದಿನ ರಸ್ತೆ ಊರಿನ ಮಾಸ್ಟರ್ ಪ್ಲಾನಿನಲ್ಲಿ ಈಗಿರುವುದಕ್ಕಿಂತ ಅಗಲವಂತೆ. ಆ ಅಗಲದ ಅಂಚಿನಿಂದ ಒಳಕ್ಕೆ ಖಾಲಿ ಜಾಗ ಬಿಡಬೇಕು. ನಾವು ಈಗಿನ ರಸ್ತೆಯಿಂದ ಅಳೆದಿದ್ದೆವು. ತಪ್ಪು ನಮ್ಮದೇ. ಹೊಸ ಲೆಕ್ಕದಲ್ಲಿ ಬಾಗಿಲು ನಿಂತಿರುವುದೇ ಬಿಡಬೇಕಾದ ಜಾಗದಲ್ಲಿ. ಮುಂದಿನ ಎರಡು ಮನೆ ಸೇರಿ ಒಂದಾಗುತ್ತದೆ. ನಾಲ್ಕಲ್ಲ, ಮೂರು.

ಮೂರರಲ್ಲಿ ಎರಡು ಮಾರಲೇಬೇಕು, ಇಲ್ಲದಿದ್ದರೆ ಸಾಲ ತೀರುವುದಿಲ್ಲ. ಉಳಿಯುವುದು ಒಂದು. ಅದು ನಮ್ಮದೋ, ಜಯಕ್ಕನದೋ?

ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಬೇರೆ ಎಲ್ಲ ಮಾತೂ ಆಯಿತು. ಇವರ ಚಿಕ್ಕಪ್ಪನ ಮಗ ಮಾಗಡಿಯಿಂದ ಬಂದವನು, "ಏನ್ ಮಂಜೂರಾತಿ ಅಂತೀಯಣ್ಣ, ಕಟ್ಬುಡು ನಾಲ್ಕೂವೆ. ಬ್ಯಾಂಕ್ ಇಲ್ದಿದ್ರೆ ನಮ್ ಕಡೆ ಫೈನಾನ್ಸ್‌ನೋರು ಅವ್ರೆ" ಅಂದ. ಬಡ್ಡಿ ಎಷ್ಟು ಅಂತ ನಾನು ಕೇಳಿದ್ದಕ್ಕೆ, "ಅತ್ಗೆ, ಒಸಿ ಜಾಸ್ತಿನೇ" ಅಂತ ಕಾಫಿ ಲೋಟದೊಳಗೆ ನೋಡಿದ. ಇವರು ಒಂದೆರಡು ದಿನ ಅದನ್ನೇ ತಲೆಯಲ್ಲಿ ಹೊತ್ತು ಓಡಾಡಿದರು. ಊಟಕ್ಕೆ ಕೂತರೆ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಲೆಕ್ಕ ಬರೆಯುತ್ತಿದ್ದರು. ಆಮೇಲೆ ತಾವೇ ಬಿಟ್ಟರು.

ಬಾಗಿಲಿನ ಮಾತು ತೆಗೆದರೆ ಅತ್ತೆ ಸಿಡುಕುವರು. "ನೆಟ್ಟ್ ಬಾಗ್ಲು ಕಿತ್ರೆ ಆ ಮನೆ ಏಳಾದುಂಟೇನ್ಲಾ? ನಾನ್ ಇರೋಗಂಟ ಆಗಾಕಿಲ್ಲ."

ಜಯಕ್ಕ ಕನಕಪುರದಿಂದ ಬಂದದ್ದು ಆಗ. ವಿಷಯವೆಲ್ಲ ಫೋನಿನಲ್ಲೇ ತಿಳಿದಿತ್ತು. ಒಂದು ಸಲ ಜಾಗ ನೋಡಿ ಬರೋಣ ಬಾ ಅಂದರು. ನಾವಿಬ್ಬರೇ ಹೋದೆವು. ನಾನು ಬೇವಿನ ಮರದ ಕೆಳಗೆ ನೆರಳಿಗೆ ನಿಂತೆ, ಅವರು ಒಳಗೆ ಹೋದರು. ಒಳಗೆ ಅಂದೆನಲ್ಲ, ಅಲ್ಲಿ ಒಳಗೆ ಅಂತ ಏನಿತ್ತು? ಮಾಸಿದ ಸುಣ್ಣದ ಗೆರೆಗಳು, ಅಷ್ಟೇ. ಅವರ ಮನೆ ಅಂತ ಗುರುತು ಮಾಡಿದ್ದು ಹಿಂದಿನ ಎಡಗಡೆಯದು. ನೇರ ಹೋಗಿದ್ದರೆ ನಾಲ್ಕು ಹೆಜ್ಜೆ. ಜಯಕ್ಕ ಗೆರೆ ತುಳಿಯಲಿಲ್ಲ. ಗೋಡೆಯ ಗೆರೆಯ ಪಕ್ಕದಲ್ಲೇ ಸುತ್ತಿಕೊಂಡು ಹೋಗಿ, ಬಾಗಿಲಿಗೆ ಅಂತ ಬಿಟ್ಟಿದ್ದ ಸಂದಿನಲ್ಲಿ ಚಪ್ಪಲಿ ಕಳಚಿ, ಬಲಗಾಲು ಇಟ್ಟು ಒಳಗೆ ಬಂದರು. ನಡುಮನೆ ದಾಟಿದರು. ಅಡುಗೆಮನೆಯ ಮೂಲೆಯಲ್ಲಿ ನಿಂತು, ಸೊಂಟದ ಎತ್ತರಕ್ಕೆ ಕೈ ಚಾಚಿ, ಕಟ್ಟೆ ಎಲ್ಲಿಗೆ ಬರುತ್ತದೆ ಅಂತ ನೋಡಿಕೊಂಡರು. ಆಮೇಲೆ ಅಲ್ಲೇ ನೆಲದ ಮೇಲೆ ಸುಮ್ಮನೆ ಕೂತರು. ಗಾಳಿಗೆ ಸೀರೆಯ ಸೆರಗು ಗೋಡೆಯ ಗೆರೆ ದಾಟಿ ಹಾರಿತು. ಅದನ್ನು ಎಳೆದು ಒಳಗಿಟ್ಟುಕೊಂಡರು.

ನಾನು ನೋಡಿದ್ದು ಅವರಿಗೆ ಗೊತ್ತಾಗಲಿಲ್ಲ. ವಾಪಸ್ ಬರುವಾಗ ಬಸ್ಸಲ್ಲಿ, "ಲಲಿತಾ, ಸಿದ್ದನಿಗೆ ನೀನೇ ಹೇಳು. ನನ್ ದುಡ್ಡಿಗೆ ಅವಸರ ಇಲ್ಲ. ಮನೆ ಮಾರಿದ್ಮೇಲೆ ಕೊಡ್ಲಿ. ನಂಗೆ ಬಾಡಿಗೆ ರೂಮೇ ಅಭ್ಯಾಸ ಆಗೋಗಿದೆ" ಅಂದರು. ಮುಖದಲ್ಲಿ ಏನೂ ಇರಲಿಲ್ಲ. ಸೂಜಿ ಚುಚ್ಚುವ ಮುಂಚೆ ರೋಗಿಗೆ ಏನೂ ಆಗಲ್ಲ ಅಂತ ಹೇಳುವಾಗಿನ ದನಿ ಇತ್ತು.

ಮನೆಗೆ ಬಂದು ಜಯಕ್ಕ ಸ್ನಾನಕ್ಕೆ ಹೋದಾಗ ಅವರು ಅಂದದ್ದನ್ನು ಇವರಿಗೆ ಹೇಳಿದೆ. ಇವರ ಮುಖ ಹಗುರಾಯಿತು. "ನೋಡು, ಅಕ್ಕನೇ ಅಂದ್ಮೇಲೆ ಆಯ್ತಲ್ಲ. ಅವಳ ದುಡ್ಡು ಬ್ಯಾಂಕಿನಲ್ಲಿಟ್ಟರೆ ಬಡ್ಡಿನೂ ಬರುತ್ತೆ." ಅತ್ತೆ ಅಲ್ಲೇ ಬತ್ತಿ ಹೊಸೆಯುತ್ತಿದ್ದರು. ಆಗ ನಾನು ಕಂಡದ್ದನ್ನೂ ಹೇಳಿದೆ. ಗೆರೆ ತುಳಿಯದೆ ಸುತ್ತಿ ಹೋದದ್ದು, ಚಪ್ಪಲಿ ಬಿಟ್ಟದ್ದು, ಸೆರಗು ಒಳಗೆಳೆದುಕೊಂಡದ್ದು. ಇವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು.

"ನಿಮಗಿನ್ನೂ ಸರ್ವೀಸಿದೆ. ಮುಂದೆ ಯಾವತ್ತಾದ್ರೂ ನಾವು ಒಂದು ಮಾಡ್ಕೋಬಹುದು. ಅಕ್ಕನಿಗೆ ಇದೊಂದೇ ಸಲ" ಅಂದೆ.

ನನಗೆ ಬೇಜಾರೇ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಪೂರ್ವಕ್ಕೆ ಕಿಟಕಿ ಇರುವ ಅಡುಗೆಮನೆಯನ್ನು ನಾನೂ ಮನಸ್ಸಿನಲ್ಲಿ ಕಟ್ಟಿ ಮುಗಿಸಿದ್ದೆ, ಡಬ್ಬಗಳನ್ನೂ ಜೋಡಿಸಿಯಾಗಿತ್ತು.

ಇವರು ಕನ್ನಡಕ ಮತ್ತೆ ಹಾಕಿಕೊಂಡರು. ಕೊನೆಗೆ, "ಅವ್ವ ನಮ್ ಜೊತೆ ಇರ್ಬೇಕಲ್ಲ. ಮಗನ ಮನೆ ಅಂತ ಒಂದು ಬೇಡ್ವಾ?" ಅಂದರು. ಅದೇ ಅವರ ಮನಸ್ಸಿನಲ್ಲಿದ್ದ ಮುಳ್ಳು.

ಅತ್ತೆ ಬತ್ತಿಯ ಬುಟ್ಟಿಯನ್ನು ಪಕ್ಕಕ್ಕಿಟ್ಟರು. "ಮಗಳ ಮನೇಲಿ ಅನ್ನ ಉಂಡ್ರೆ ನನ್ ಹೊಟ್ಟೆಗೆ ಹಿಡ್ಸಾಕಿಲ್ವಾ? ನಾನ್ ಜಯನ ತಾವ ಇರ್ತೀನಿ. ಒಂಟಿ ಹೆಂಗ್ಸು. ನೀವು ಗಂಡಹೆಂಡ್ರು ಭಾನ್ವಾರ ಬನ್ನಿ, ಉಂಡ್ಕಂಡು ಹೋಗಿ." ಮಗನ ಕಡೆ ಬೆರಳು ತೋರಿಸಿ, "ಒಂದ್ ಮಾತು. ಆ ಮನೆ ಪತ್ರ ಜಯನ ಹೆಸ್ರಿಗೇ ಆಗ್ಬೇಕು. ನನ್ ಹೆಸ್ರು ಬ್ಯಾಡ, ನಿನ್ ಹೆಸ್ರೂ ಬ್ಯಾಡ. ಆಮ್ಯಾಕೆ ಯಾರೂ ಅವಳ್ನ ಏಳವ್ವ ಮೇಲಕ್ಕೆ ಅನ್ನಂಗಿರ್ಬಾರ್ದು" ಅಂದರು.

"ಆಯ್ತವ್ವ" ಅಂದರು ಇವರು. ಆಮೇಲೆ ಮೆಲ್ಲಗೆ, "ಬಾಗ್ಲು?"

ಅತ್ತೆ ಬುಟ್ಟಿಯಿಂದ ಹತ್ತಿ ತೆಗೆದು ಎಳೆಯುತ್ತ ಯೋಚಿಸಿದರು. ಯೋಚನೆ ಒಂದು ಕಡೆ ಬಂದು ನಿಂತದ್ದು ಅವರ ಹುಬ್ಬಿನಲ್ಲೇ ಗೊತ್ತಾಯಿತು.

"ಈಗ ಆಷಾಢ ಅಲ್ವೇನ್ಲಾ?"

"ಹೂಂ."

"ಆಷಾಢದಲ್ಲಿ ಒಳ್ಳೇ ಕೆಲ್ಸ ಮಾಡ್ಬಾರ್ದು. ಕೀಳಾದು ಒಳ್ಳೇ ಕೆಲ್ಸ ಅಲ್ವಲ್ಲ? ಮತ್ತೆ ಇನ್ಯಾವಾಗ ಕೀಳ್ತೀಯ, ಶ್ರಾವಣದಲ್ಲಾ? ಬಿರ್ರನೆ ಹೋಗಿ ಕಿತ್ಬುಡಿ. ಶ್ರಾವಣ ಬರ್ಲಿ, ಜಯನ ಕೈಲಿ ಪೂಜೆ ಮಾಡ್ಸಿ ಸರಿಯಾದ್ ತಾವ ನಿಲ್ಸಾನ."

ಸ್ನಾನ ಮುಗಿಸಿ ತಲೆಗೆ ಟವೆಲ್ ಸುತ್ತಿಕೊಂಡು ಬಂದ ಜಯಕ್ಕನಿಗೆ, ನಾವು ಮೂವರೂ ಯಾಕೆ ಹಾಗೆ ನಗುತ್ತಿದ್ದೇವೆ ಅಂತ ತಿಳಿಯಲಿಲ್ಲ. ತಿಳಿಸಿದಾಗ ಅವರು ನಗಲಿಲ್ಲ. "ಬೇಡ ಕಣೋ ಸಿದ್ದ" ಅಂದರು. ಮತ್ತೆ ಇನ್ನೊಂದು ಸಲ, "ಬೇಡ" ಅಂದರು. ಎರಡನೆಯದು ಮೊದಲಿನಷ್ಟು ಗಟ್ಟಿಯಿರಲಿಲ್ಲ. ಅತ್ತೆ, "ಸುಮ್ಕೆ ಕೂತ್ಕ, ತಲೆ ಒರ್ಸ್ಕ, ಶೀತ ಆಯ್ತದೆ" ಅಂತ ಗದರಿದರು. ಜಯಕ್ಕ ಕೂತು, ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಲೆ ಒರೆಸಿಕೊಂಡರು.

ಮಾರನೆಯ ದಿನವೇ ರಫೀಕಣ್ಣ ಇಬ್ಬರು ಆಳು ಕರೆತಂದು ವಾಡ ಕಿತ್ತರು. ತಮ್ಮ ಶೆಡ್ಡಿನಲ್ಲಿ ಗೋಣಿತಾಟು ಸುತ್ತಿ ನಿಲ್ಲಿಸಿದರು, ನೆಲಕ್ಕೆ ಮಲಗಿಸಬಾರದು ಅಂತ ಅತ್ತೆಯ ಅಪ್ಪಣೆ. ಬ್ಯಾಂಕಿನ ಹುಡುಗಿ ಮತ್ತೆ ಬಂದು ಖಾಲಿ ಜಾಗದ ಫೋಟೋ ತೆಗೆದಳು. ಮೂರು ಮನೆಯ ಹೊಸ ಪ್ಲಾನ್ ಬರೆಸಿ ಕೊಟ್ಟೆವು. ಶ್ರಾವಣದ ಮೊದಲ ದೊಡ್ಡ ಮಳೆ ಸುರಿದು, ತಿಪ್ಪಸಂದ್ರದ ಕಡೆ ರಾಗಿ ಬಿತ್ತನೆ ಜೋರಾಗಿದೆ ಅಂತ ಕೇಳಿದ ದಿನಗಳಲ್ಲಿ ಮಂಜೂರಾತಿ ಬಂತು. ಹಿಂದೆಯೇ ಸಾಲದ ಮೊದಲ ಕಂತೂ ಬಂತು. ನನ್ನ 'ಮೇಲುಖರ್ಚು' ಪಾಯ ಮುಗಿಯುವಷ್ಟರಲ್ಲಿ ಖರ್ಚಾಗಿಹೋಗಿತ್ತು. ಉಳಿದದ್ದಕ್ಕೆ ಇವರು ಸ್ಕೂಟರು ಮಾರಿ ಬಸ್ಸಲ್ಲಿ ಓಡಾಡಿದರು. ಹೊನ್ನೆಯ ವಾಡವನ್ನು ಜಯಕ್ಕನ ಕೈಯಲ್ಲೇ ಪೂಜೆ ಮಾಡಿಸಿ ಅವರ ಮನೆಗೆ ನಿಲ್ಲಿಸಿದೆವು. ಎರಡು ಮನೆಗೂ ಕೊಳ್ಳುವವರು ತಾರಸಿ ಹಾಕುವ ಮೊದಲೇ ಸಿಕ್ಕಿದರು, ಒಬ್ಬರು ಗೂಡಿನಿಂದ ರೇಷ್ಮೆ ನೂಲು ಬಿಚ್ಚಣಿಕೆ ಮಾಡುವವರು, ಇನ್ನೊಬ್ಬರು ಪೋಸ್ಟಾಫೀಸಿನವರು.

ಗೃಹಪ್ರವೇಶದ ಗಲಾಟೆಯೆಲ್ಲ ಮುಗಿದ ಮಾರನೆಯ ದಿನ ಸಾಮಾನು ಜೋಡಿಸಲು ನಾನು ಜಯಕ್ಕನ ಜೊತೆ ಉಳಿದಿದ್ದೆ. ಅತ್ತೆ ಹೊರಗೆ ಜಗಲಿಯಲ್ಲಿ ಕೂತು ಪಕ್ಕದ ಮನೆಯವರ ಕುಲಗೋತ್ರ ವಿಚಾರಿಸುತ್ತಿದ್ದರು. ಜಯಕ್ಕ ಕ್ಯಾಲೆಂಡರ್ ಹಾಕಬೇಕು ಅಂತ ಒಂದು ಕೈಯಲ್ಲಿ ಮೊಳೆ, ಒಂದು ಕೈಯಲ್ಲಿ ಸುತ್ತಿಗೆ ಹಿಡಿದು ನಡುಮನೆಯ ಗೋಡೆಯ ಮುಂದೆ ನಿಂತಿದ್ದರು. ನಿಂತೇ ಇದ್ದರು. ನಾನು ತಟ್ಟೆ ಒರೆಸುತ್ತಿದ್ದವಳು ತಲೆ ಎತ್ತಿದೆ.

"ಲಲಿತಾ, ಇಲ್ಲಿ ಹೊಡೀಬಹುದಾ?"

"ಯಾರನ್ನ ಕೇಳ್ಬೇಕು ಅಕ್ಕ?"

ಅವರು ನನ್ನನ್ನು ನೋಡಿದರು. ಬಾಗಿಲ ಕಡೆ ಒಂದು ಸಲ ನೋಡಿದರು, ಯಾರಾದರೂ ಬಂದುಬಿಡುತ್ತಾರೋ ಅನ್ನುವ ಹಾಗೆ. ಆಮೇಲೆ ಹೊಡೆದರು. ಪ್ಲಾಸ್ಟರು ಇನ್ನೂ ಹಸಿ. ಮೊಳೆ ಡೊಂಕಾಗಿ, ಅಂಗೈಯಷ್ಟು ಗಾರೆ ಕಿತ್ತು ದಡಾರನೆ ಬಿತ್ತು. ಹೊರಗಿನಿಂದ ಅತ್ತೆ, "ಏನವ್ವಾ ಅದು?" ಅಂತ ಕೂಗಿದರು.

ಜಯಕ್ಕ ಗೋಡೆಯಲ್ಲಾದ ಗುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅವರ ಮುಖ ನಾನು ಹಿಂದೆಂದೂ ಕಂಡಿರದ ಹಾಗೆ ಅರಳಿತ್ತು.

"ಏನಿಲ್ಲ ಕಣವ್ವ. ನನ್ ಗೋಡೆ ಒಂಚೂರು ಕಿತ್ಕಂಡೆ" ಅಂತ ಕೂಗಿ ಹೇಳಿ, ಇನ್ನೊಂದು ಮೊಳೆಗೆ ಕೈ ಚಾಚಿದರು.